ಪೌತಿ ಖಾತೆ ಮೊದಲು, ಪಾಲಿನ ಮಾತು ಆಮೇಲೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಎರಡು ತಿಂಗಳ ಹಿಂದೆ ಅಪ್ಪ ಮಣಿಪಾಲದ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 61. ವಿಲ್ ಬರೆದಿಲ್ಲ. ಮನೆಯಲ್ಲಿ ಅಪ್ಪನ ತಾಯಿ, ಅಮ್ಮ ಮತ್ತು ನಾನು ಇದ್ದೇವೆ. ಅಕ್ಕ, ತಂಗಿ ಇಬ್ಬರಿಗೂ ಮದುವೆಯಾಗಿದೆ. ಅಡಿಕೆ ತೋಟದ ಒಂದು ಸರ್ವೆ ನಂಬರ್ ಅಪ್ಪನೇ ಕೊಂಡದ್ದು, ಇನ್ನೊಂದು ಇವತ್ತಿಗೂ ಅಜ್ಜನ ಹೆಸರಲ್ಲೇ ಇದೆ. ಸೊಸೈಟಿಯಲ್ಲಿ ಬೆಳೆ ಸಾಲ, ಬ್ಯಾಂಕಿನಲ್ಲಿ ಚಿನ್ನದ ಸಾಲ ಇದೆ. ಬ್ಯಾಂಕ್ ಖಾತೆಗೆ ನಾಮಿನಿ ಇಲ್ಲ. ಎಲ್‌ಐಸಿಗೆ ಚಿಕ್ಕಪ್ಪ ನಾಮಿನಿ. ಅಪ್ಪನ ಎಟಿಎಂ ಪಿನ್ ನನಗೆ ಗೊತ್ತು, ಬಳಸಬಹುದಾ? "ಹೆಣ್ಣುಮಕ್ಕಳ ಹತ್ತಿರ ಈಗಲೇ ಸಹಿ ಹಾಕಿಸಿಕೊಂಡು ಎಲ್ಲ ನಿನ್ನ ಹೆಸರಿಗೆ ಮಾಡ್ಕೋ" ಅಂತ ಚಿಕ್ಕಪ್ಪ ಒತ್ತಾಯ ಮಾಡುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಚಿಕ್ಕಪ್ಪನ ಸಲಹೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಎರಡು ಬೇರೆ ಬೇರೆ ಕೆಲಸಗಳನ್ನು ಅವರು ಒಂದಕ್ಕೊಂದು ಗಂಟು ಹಾಕಿದ್ದಾರೆ. ಪೌತಿ ಖಾತೆ ಅಂದರೆ ತೀರಿಕೊಂಡವರ ಹೆಸರು ತೆಗೆದು ವಾರಸುದಾರರೆಲ್ಲರ ಹೆಸರನ್ನು ಪಹಣಿಗೆ ಸೇರಿಸುವುದು. ಪಾಲು ಅಂದರೆ ಯಾರಿಗೆ ಯಾವ ಜಾಗ ಅಂತ ತೀರ್ಮಾನ ಮಾಡುವುದು. ಮೊದಲನೆಯದಕ್ಕೆ ಯಾರೂ ಏನನ್ನೂ ಬಿಟ್ಟುಕೊಡಬೇಕಿಲ್ಲ. ಎರಡನೆಯದನ್ನು ವರ್ಷಾಂತಿಕ ಕಳೆದ ಮೇಲೆ ಕೂತು ಮಾತಾಡಿದರೂ ಆಗುತ್ತದೆ. ನಮ್ಮ ಕಡೆ ಎಷ್ಟೋ ತೋಟಗಳ ಪಹಣಿ ಇನ್ನೂ ಅಜ್ಜ, ಮುತ್ತಜ್ಜನ ಹೆಸರಲ್ಲೇ ಇದೆಯಲ್ಲ, ಅದಕ್ಕೆ ದೊಡ್ಡ ಕಾರಣ ಇದೇ. "ಪಾಲು ಬಗೆಹರಿಯಲಿ, ಆಮೇಲೆ ಖಾತೆ" ಅಂತ ಕಾಯುತ್ತಾರೆ. ಪಾಲು ಬಗೆಹರಿಯುವುದಿಲ್ಲ, ಖಾತೆಯೂ ಆಗುವುದಿಲ್ಲ.

ವಾರಸು ಹಕ್ಕು ಬಂದ ಮೂರು ತಿಂಗಳೊಳಗೆ ಕಂದಾಯ ಇಲಾಖೆಗೆ ವರದಿ ಕೊಡಬೇಕು ಅಂತ 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಹೇಳುತ್ತದೆ. ನಿಮಗೆ ಇನ್ನೂ ಒಂದು ತಿಂಗಳಿದೆ. ತಡವಾದರೆ ಹಕ್ಕೇನೂ ಹೋಗುವುದಿಲ್ಲ, ಗಾಬರಿ ಬೇಡ. ಆದರೆ ಪಹಣಿಯಲ್ಲಿ ತೀರಿಕೊಂಡವರ ಹೆಸರು ಇರುವವರೆಗೆ ಹೊಸ ಬೆಳೆ ಸಾಲ ಹುಟ್ಟುವುದಿಲ್ಲ. ಅಡಿಕೆಯ ಹವಾಮಾನ ಆಧಾರಿತ ವಿಮೆ ತುಂಬುವುದಕ್ಕೆ, ಫ್ರೂಟ್ಸ್ (ಸರ್ಕಾರದ ರೈತರ ದಾಖಲೆ ತಂತ್ರಾಂಶ) ನೋಂದಣಿಗೆ, ಪಿಎಂ ಕಿಸಾನ್‌ಗೆ ಎಲ್ಲಕ್ಕೂ ತೊಡಕು. ಕೊಳೆ ರೋಗ ಬಂದು ಅರ್ಧ ಫಸಲು ಉದುರಿದ ವರ್ಷ ವಿಮೆ ಹಣ ಮಾತ್ರ ಬರಲಿಲ್ಲ ಅಂತಾದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಮೊದಲ ಕಾಗದ ಮರಣ ಪ್ರಮಾಣಪತ್ರ. ಸಾವು ನೋಂದಣಿಯಾಗುವುದು ಸಾವು ಸಂಭವಿಸಿದ ಜಾಗದಲ್ಲಿ, ವಾಸವಿದ್ದ ಊರಲ್ಲಿ ಅಲ್ಲ. ಹಾಗಾಗಿ ನಿಮ್ಮ ಪಂಚಾಯಿತಿಯಲ್ಲಿ ಕೇಳಿ ಉಪಯೋಗವಿಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯವರೇ 21 ದಿನದೊಳಗೆ ಮಾಹಿತಿ ಕೊಡಬೇಕು. ಪ್ರಮಾಣಪತ್ರ ಎಲ್ಲಿ ಸಿಗುತ್ತದೆ ಅಂತ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ವಿಚಾರಿಸಿ. ಮನೆಯಲ್ಲೇ ತೀರಿಕೊಂಡು, ನೋಂದಣಿ ಮಾಡಿಸದೆ ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಾಗುತ್ತದೆ. ನಿಮ್ಮ ಅಜ್ಜನ ವಿಷಯದಲ್ಲಿ ಹಾಗೇನಾದರೂ ಆಗಿದೆಯಾ ಅಂತ ಈಗಲೇ ನೋಡಿಕೊಳ್ಳಿ. ಮುಂದೆ ಅವರದ್ದೂ ಬೇಕು.

ಪ್ರಮಾಣಪತ್ರ ಕೈಗೆ ಬಂದ ತಕ್ಷಣ ಹೆಸರು ಓದಿ. ಉದಾಹರಣೆಗೆ ಪಹಣಿಯಲ್ಲಿ "ಮಂಜಪ್ಪ ಬಿನ್ ತಿಮ್ಮಪ್ಪ" ಅಂತ ಇರುತ್ತದೆ. ಆಧಾರ್‌ನಲ್ಲಿ "ಮಂಜುನಾಥ ಟಿ". ಸೊಸೈಟಿ ಪಾಸ್‌ಬುಕ್‌ನಲ್ಲಿ "ಮಂಜಪ್ಪ ಗೌಡ". ಆಸ್ಪತ್ರೆಯವರು ಆಧಾರ್ ನೋಡಿ ಬರೆದಿರುತ್ತಾರೆ. ನಾಡಕಚೇರಿಯಲ್ಲಿ "ಇವರೂ ಅವರೂ ಒಬ್ಬರೇನಾ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅಕ್ಷರ ತಪ್ಪಾಗಿದ್ದರೆ ನೋಂದಣಿ ಮಾಡಿದ ಕಚೇರಿಯಲ್ಲೇ ತಿದ್ದಿಸಿ. ಎರಡು ಕಡೆ ಎರಡು ಹೆಸರು ಬಳಕೆಯಲ್ಲಿದ್ದರೆ ಇಬ್ಬರೂ ಒಬ್ಬರೇ ಅಂತ ನೋಟರಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಮೂಲ ಪ್ರತಿಗಳನ್ನೂ ನಾಲ್ಕಾರು ಜಾಸ್ತಿಯೇ ತೆಗೆಸಿ.

ಎರಡನೆಯದು ವಂಶವೃಕ್ಷ. ಇದಕ್ಕೆ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ. ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕೆ ಬಂದು ವಿಚಾರಿಸಿ ವರದಿ ಕೊಡುತ್ತಾರೆ. ಇಲ್ಲಿ ನಡೆಯುವ ಒಂದು ಕೆಟ್ಟ ರೂಢಿಯ ಬಗ್ಗೆ ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಲ್ಲಿ ಬಿಡುವುದು. "ಅವರು ಬೇರೆ ಮನೆಯವರು" ಅನ್ನುವುದು ಕಾನೂನಲ್ಲಿ ನಿಲ್ಲುವ ಮಾತಲ್ಲ. ನೀವು ಸಹಿ ಹಾಕುವ ಅಫಿಡವಿಟ್ ಸುಳ್ಳಾಗುತ್ತದೆ, ಅದು ಅಪರಾಧ. ಹತ್ತು ವರ್ಷ ಬಿಟ್ಟು ತೋಟ ಮಾರುವಾಗ ಕೊಳ್ಳುವವರ ವಕೀಲರು ಮೊದಲು ಹುಡುಕುವುದೂ ಇದನ್ನೇ.

ಈಗ ಯಾರು ವಾರಸುದಾರರು ಅಂತ ನೋಡೋಣ. ನಿಮ್ಮದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಸೇರುವ ಕುಟುಂಬ ಅಂತ ತಿಳಿದು ಹೇಳುತ್ತಿದ್ದೇನೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಲೆಕ್ಕ ಬೇರೆ. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಜಮೀನಿಗೆ ಮೊದಲ ವರ್ಗದ ವಾರಸುದಾರರು ಐದು ಜನ: ಅಜ್ಜಿ, ಅಮ್ಮ, ಅಕ್ಕ, ನೀವು, ತಂಗಿ. ಐವರಿಗೂ ಸಮ, ಐದರಲ್ಲಿ ಒಂದೊಂದು ಭಾಗ. ಅಜ್ಜಿಯ ಹೆಸರು ಕೇಳಿ ಆಶ್ಚರ್ಯವಾಯಿತಾ? ತುಂಬಾ ಜನರಿಗೆ ಆಗುತ್ತದೆ. ಮಗ ತೀರಿಕೊಂಡಾಗ ತಾಯಿ ಬದುಕಿದ್ದರೆ ಹೆಂಡತಿ, ಮಕ್ಕಳ ಸರಿಸಮಕ್ಕೆ ಅವರಿಗೂ ಪಾಲು ಬರುತ್ತದೆ. ಅಜ್ಜಿ ವಿಲ್ ಮಾಡದೆ ಕಾಲವಾದರೆ ಆ ಐದನೇ ಒಂದು ಭಾಗ ಅವರ ಎಲ್ಲ ಮಕ್ಕಳ ಕಡೆಗೂ ಹಂಚಿಹೋಗುತ್ತದೆ. ಅಂದರೆ ಚಿಕ್ಕಪ್ಪ ಮತ್ತು ಅತ್ತೆಯಂದಿರಿದ್ದರೆ ಅವರೂ ನಿಮ್ಮಪ್ಪ ಕೊಂಡ ತೋಟಕ್ಕೆ ಪಾಲುದಾರರಾಗುತ್ತಾರೆ. ಚಿಕ್ಕಪ್ಪ ಅದನ್ನು ಮನಸ್ಸಲ್ಲಿಟ್ಟುಕೊಂಡು ಮಾತಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ನಿಮಗೆ ಗೊತ್ತಿರಲಿ ಅಷ್ಟೇ.

ಅಜ್ಜನ ಹೆಸರಲ್ಲಿರುವ ಸರ್ವೆ ನಂಬರಿನ ಕತೆ ಇನ್ನೂ ಉದ್ದ. ಅದಕ್ಕೆ ನಿಮ್ಮ ಮನೆಯ ಐದು ಹೆಸರು ಸಾಲದು. ಅಜ್ಜನ ಕಾಲದಿಂದ ವಂಶವೃಕ್ಷ ತೆಗೆಸಬೇಕು. ಅದರಲ್ಲಿ ಅಜ್ಜಿ, ಚಿಕ್ಕಪ್ಪ, ಅತ್ತೆಯಂದಿರು, ಅಪ್ಪನ ಬದಲಿಗೆ ನೀವೆಲ್ಲ ಬರುತ್ತೀರಿ. ಅಜ್ಜನಿಗೆ ಅದು ಹೇಗೆ ಬಂತು ಅನ್ನುವುದೂ ಮುಖ್ಯ. ಮಲೆನಾಡಲ್ಲಿ ಎಷ್ಟೋ ಕುಟುಂಬಗಳು ಗೇಣಿ ಮಾಡುತ್ತಿದ್ದವು. 1974ರ ಭೂಸುಧಾರಣೆ ಆದಮೇಲೆ ಫಾರಂ 7 (ಗೇಣಿದಾರರ ಹಕ್ಕಿನ ಅರ್ಜಿ) ಹಾಕಿ ಜಮೀನು ಪಡೆದವು. ಹಾಗೆ ಬಂದದ್ದಾದರೆ ಭೂನ್ಯಾಯ ಮಂಡಳಿಯ ಆದೇಶ ಮತ್ತು ಫಾರಂ 10 (ಆ ಆದೇಶದ ಮೇಲೆ ಕೊಟ್ಟ ಹಕ್ಕುಪತ್ರ) ಹಳೇ ಪೆಟ್ಟಿಗೆಯಲ್ಲಿ ಇರಬೇಕು, ಹುಡುಕಿ. ಆದೇಶ ಅಜ್ಜ ಒಬ್ಬರ ಹೆಸರಿಗೆ ಆಗಿದ್ದರೂ ಗೇಣಿ ಇಡೀ ಕುಟುಂಬದ್ದು ಅನ್ನುವ ವಾದ ನ್ಯಾಯಾಲಯದಲ್ಲಿ ಬರುತ್ತದೆ. ಪಿತ್ರಾರ್ಜಿತ ಜಮೀನಾದರೆ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. 2005ರ ತಿದ್ದುಪಡಿ ಇದನ್ನು ಹೇಳಿತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. "2005ಕ್ಕೆ ಮೊದಲೇ ಮದುವೆಯಾಗಿದೆ, ಹಕ್ಕಿಲ್ಲ" ಅಂತ ಊರಲ್ಲಿ ಯಾರಾದರೂ ಪಂಚಾಯಿತಿ ಮಾಡಿದರೆ ನಂಬಬೇಡಿ.

ಹಾಗಾಗಿ ನನ್ನ ಸಲಹೆ: ಅಪ್ಪನ ಹೆಸರಿನ ಸರ್ವೆ ನಂಬರಿಗೆ ಈಗಲೇ ಐವರ ಹೆಸರಿಗೆ ಪೌತಿ ಖಾತೆ ಅರ್ಜಿ ಹಾಕಿ. ಅಜ್ಜನದ್ದನ್ನು ಪ್ರತ್ಯೇಕ ಅರ್ಜಿಯಾಗಿ, ಚಿಕ್ಕಪ್ಪನನ್ನೂ ಸೇರಿಸಿಕೊಂಡು ಹಾಕಿ. ಎರಡನ್ನೂ ಒಟ್ಟಿಗೆ ಕಟ್ಟಿದರೆ ಸಲೀಸಾದದ್ದೂ ನಿಲ್ಲುತ್ತದೆ. ಅರ್ಜಿ ಹಾಕುವ ಮುಂಚೆ ಪಹಣಿಯನ್ನು ಒಮ್ಮೆ ಸರಿಯಾಗಿ ಓದಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಹಕ್ಕು ಹೇಗೆ ಬಂತು ಅನ್ನುವ ಎಂಆರ್ (ಖಾತೆ ಬದಲಾವಣೆ ದಾಖಲೆ) ನಂಬರ್, 11ರಲ್ಲಿ ಋಣಗಳು. ಸೊಸೈಟಿ ಸಾಲ ಆ 11ರಲ್ಲಿ ಕೂತಿರುತ್ತದೆ. ಅಪ್ಪ ಯಾವತ್ತೋ ತೀರಿಸಿದ ಹಳೇ ಸಾಲವೂ ಅಲ್ಲೇ ಉಳಿದಿರುವುದುಂಟು. ಅಂಥದ್ದಕ್ಕೆ ತೀರುವಳಿ ಪತ್ರ ತಂದು ತೆಗೆಸಿ. ಅರ್ಜಿ ಆದಮೇಲೆ ಇಲಾಖೆ ನೋಟಿಸ್ ಹೊರಡಿಸಿ ಆಕ್ಷೇಪಣೆಗೆ ಸಮಯ ಕೊಡುತ್ತದೆ. ಯಾರೂ ತಕರಾರು ಮಾಡದಿದ್ದರೆ ಹೆಸರು ಏರುತ್ತದೆ. ಒಂದು ಮಾತು ನೆನಪಿರಲಿ. ಖಾತೆ ಯಾರ ಹೆಸರಲ್ಲಿದೆ ಅನ್ನುವುದು ಕಂದಾಯದ ಲೆಕ್ಕಕ್ಕೆ ಮಾತ್ರ, ಮಾಲೀಕತ್ವ ಅದರಿಂದ ಹುಟ್ಟುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಬೇಕಾದಷ್ಟು ಸಲ ಹೇಳಿದೆ. ಅಂದರೆ ಅಕ್ಕ, ತಂಗಿಯನ್ನು ಬಿಟ್ಟು ನಿಮ್ಮೊಬ್ಬರ ಹೆಸರಿಗೆ ಖಾತೆ ಆದರೂ ಅವರ ಹಕ್ಕು ಹೋಗುವುದಿಲ್ಲ. ಸುಮ್ನೆ ಮನಸ್ತಾಪ ಒಂದು ಉಳಿಯುತ್ತದೆ.

ತೋಟಕ್ಕೆ ಸೇರಿದ ಸೊಪ್ಪಿನಬೆಟ್ಟ ಇದ್ದರೆ ಅದನ್ನು ಪಾಲಿನ ಲೆಕ್ಕಕ್ಕೆ ಸೇರಿಸಬೇಡಿ. ಅಲ್ಲಿ ನಿಮಗಿರುವುದು ಸೊಪ್ಪು, ದರಗು ತರುವ ಸವಲತ್ತು, ಮಾಲೀಕತ್ವ ಅಲ್ಲ. ಬಗರ್‌ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ) ಅರ್ಜಿ ಅಪ್ಪನ ಹೆಸರಲ್ಲಿ ಬಾಕಿ ಇದ್ದರೆ ಆ ಕಡತಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ ಲಗತ್ತಿಸಿ ತಹಶೀಲ್ದಾರರಿಗೆ ಬರೆದುಕೊಡಿ.

ಇನ್ನು ದುಡ್ಡಿನ ವಿಷಯ. ಎಟಿಎಂ ಪಿನ್ ಗೊತ್ತಿದ್ದರೂ ಬಳಸಬೇಡಿ, ಫೋನ್‌ಪೇ ಕೂಡ ಬೇಡ. ಖಾತೆದಾರರು ತೀರಿಕೊಂಡ ಕ್ಷಣದಿಂದ ಆ ಹಣ ಐವರದ್ದು. ಹನ್ನೊಂದನೇ ದಿನದ ಖರ್ಚಿಗೆ ಅಂತ ಈಗಾಗಲೇ ತೆಗೆದಿದ್ದರೆ ತಾರೀಕು, ಮೊತ್ತ, ಯಾತಕ್ಕೆ ಅಂತ ಬರೆದು ಅಕ್ಕ, ತಂಗಿಗೆ ವಾಟ್ಸಾಪ್ ಮಾಡಿಬಿಡಿ. ಇವತ್ತು ಯಾರೂ ಕೇಳುವುದಿಲ್ಲ, ಮೂರು ವರ್ಷ ಬಿಟ್ಟು ಕೇಳುತ್ತಾರೆ. ಅಪ್ಪನ ಸಿಮ್ ಮಾತ್ರ ಇನ್ನೊಂದಷ್ಟು ತಿಂಗಳು ರೀಚಾರ್ಜ್ ಮಾಡಿ ಇಟ್ಟುಕೊಳ್ಳಿ. ಯಾವ ಪಾಲಿಸಿಯ ಕಂತು, ಯಾವ ಬ್ಯಾಂಕಿನ ನೋಟಿಸ್ ಅನ್ನುವುದು ಆ ಮೆಸೇಜುಗಳಿಂದಲೇ ತಿಳಿಯುತ್ತದೆ.

ನಾಮಿನಿ ಇಲ್ಲದ ಖಾತೆಗೆ ಮೊದಲಿನಷ್ಟು ಅಲೆದಾಟ ಈಗ ಬೇಕಿಲ್ಲ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊಸ ನಿರ್ದೇಶನ ಹೊರಡಿಸಿತು. ಜಾರಿಗೆ ತರಲು ಬ್ಯಾಂಕುಗಳಿಗೆ ಕೊಟ್ಟ ಗಡುವು 2026ರ ಮಾರ್ಚ್ 31. ಅದರ ಪ್ರಕಾರ 15 ಲಕ್ಷದವರೆಗಿನ ಮೊತ್ತಕ್ಕೆ, ಸಹಕಾರಿ ಬ್ಯಾಂಕಾದರೆ 5 ಲಕ್ಷದವರೆಗೆ, ಸರಳ ವಿಧಾನ. ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಹಣ ತೆಗೆದುಕೊಳ್ಳದ ವಾರಸುದಾರರ ಒಪ್ಪಿಗೆ ಪತ್ರ, ಇಂಡೆಮ್ನಿಟಿ ಬಾಂಡ್ (ಮುಂದೆ ತಕರಾರು ಬಂದರೆ ನಷ್ಟ ತುಂಬುವ ಮುಚ್ಚಳಿಕೆ) ಕೊಟ್ಟರೆ ಸಾಕು. ಎಲ್ಲ ದಾಖಲೆ ಸೇರಿದ 15 ದಿನದಲ್ಲಿ ಇತ್ಯರ್ಥ ಮಾಡಬೇಕು. ಸಣ್ಣ ಮೊತ್ತಕ್ಕೂ "ಕೋರ್ಟಿಂದ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ" ಅಂತ ಕೌಂಟರಿನಲ್ಲಿ ಹೇಳಿದರೆ ಬರವಣಿಗೆಯಲ್ಲಿ ಕೊಡಿ ಅನ್ನಿ. ಆ ಸರ್ಟಿಫಿಕೇಟ್ ಬೇಕಾಗುವುದು ಮೊತ್ತ ದೊಡ್ಡದಿದ್ದಾಗ ಅಥವಾ ವಾರಸುದಾರರಲ್ಲೇ ಜಗಳ ಇದ್ದಾಗ. ಜಮೀನಿಗಂತೂ ಅದು ಅನ್ವಯವೇ ಆಗುವುದಿಲ್ಲ.

ಎಲ್‌ಐಸಿ ನಾಮಿನಿ ಚಿಕ್ಕಪ್ಪ ಅಂದಿರಿ. ಅಪ್ಪನ ಮದುವೆಗೆ ಮೊದಲು ಮಾಡಿಸಿದ ಪಾಲಿಸಿ ಇರಬೇಕು, ಬದಲಾಯಿಸುವುದಕ್ಕೆ ಮರೆತಿದ್ದಾರೆ. ಎಲ್‌ಐಸಿ ಹಣವನ್ನು ಅವರಿಗೇ ಕೊಡುತ್ತದೆ, ಅದು ಸರಿಯೇ. ಆದರೆ ನಾಮಿನಿ ಹಣ ಪಡೆಯುವ ಕೈ ಮಾತ್ರ, ಒಡೆಯ ಅಲ್ಲ ಅಂತ 1983ರಲ್ಲೇ ಸರ್ಬತಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2015ರ ವಿಮಾ ತಿದ್ದುಪಡಿ ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆ ತಾಯಿ ನಾಮಿನಿ ಆಗಿದ್ದರೆ ಹೆಚ್ಚಿನ ಹಕ್ಕು ಕೊಟ್ಟಿತು. ಆ ಪಟ್ಟಿಯಲ್ಲಿ ತಮ್ಮ ಇಲ್ಲ. ಚಿಕ್ಕಪ್ಪನ ಜೊತೆ ಕೂತು ಈಗಲೇ ಮಾತಾಡಿ. ಹಣ ಬಂದ ಮೇಲೆ ಅಜ್ಜಿ, ಅಮ್ಮ, ಮಕ್ಕಳ ಖಾತೆಗೆ ಚೆಕ್ ಮೂಲಕವೇ ಹೋಗಲಿ, ನಗದು ಬೇಡ. ಖಾತೆಯಿಂದ ವರ್ಷಕ್ಕೆ 436 ರೂಪಾಯಿ ಕಡಿತವಾಗುತ್ತಿತ್ತಾ ಅಂತಲೂ ಪಾಸ್‌ಬುಕ್ ನೋಡಬಹುದು, ಅದು ಜೀವನ ಜ್ಯೋತಿ ವಿಮೆ. ಆದರೆ 55ಕ್ಕೆ ಅದರ ರಕ್ಷಣೆ ಮುಗಿಯುತ್ತದೆ, ನಿಮ್ಮ ತಂದೆಗೆ ಅನ್ವಯಿಸದು. 20 ರೂಪಾಯಿ ಕಡಿತ ಆಗುವುದು ಸುರಕ್ಷಾ ಬಿಮಾ, 70 ವರ್ಷದವರೆಗೆ ಇದೆ, ಆದರೆ ಅಪಘಾತದ ಸಾವಿಗೆ ಮಾತ್ರ. ನಿಮಗೆ ಉಪಯೋಗವಿಲ್ಲದಿದ್ದರೂ ಬೇರೆ ಓದುಗರಿಗಾಗಿ ಹೇಳುತ್ತೇನೆ: ಅಡಿಕೆ ಕೊನೆ ತೆಗೆಯಲು ಹತ್ತಿ ಮರದಿಂದ ಬಿದ್ದರೂ, ತೋಟದಲ್ಲಿ ಹಾವು ಕಚ್ಚಿದರೂ ಅದು ಅಪಘಾತವೇ. 2 ಲಕ್ಷ ಬರುತ್ತದೆ. ಇಂಥ ಸಾವಿಗೆ ತಕ್ಷಣದ ಆಸ್ಪತ್ರೆ ದಾಖಲೆ ಆಧಾರ. ಹಾಗಾಗಿ ನಾಟಿ ಔಷಧಿ ಕೊಡಿಸಿ ಮನೆಯಲ್ಲೇ ಕೂತರೆ ಜೀವಕ್ಕೂ ಅಪಾಯ, ಪರಿಹಾರಕ್ಕೂ ದಾಖಲೆ ಇಲ್ಲ. ಊರಿನ ಕೊನೆಗೌಡರ (ಅಡಿಕೆ ಕೊನೆ ಇಳಿಸುವವರ) ಮನೆಯವರಿಗೆ ಇದನ್ನು ಹೇಳಿಡಿ.

ಸಾಲಗಳು. ಅಪ್ಪನ ಸಾಲ ನಿಮ್ಮ ಸ್ವಂತ ಸಾಲವಲ್ಲ. ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ವಾರಸುದಾರರ ಹೊಣೆ. ನೀವೇ ಸಹಸಾಲಗಾರರೋ ಜಾಮೀನುದಾರರೋ ಆಗಿದ್ದರೆ ಬೇರೆ ಮಾತು. ಆದರೂ ಸೊಸೈಟಿಯ ಬೆಳೆ ಸಾಲವನ್ನು ಗಡುವಿನೊಳಗೆ ಕಟ್ಟುವುದು ಲಾಭ. ಶೂನ್ಯ ಬಡ್ಡಿ ಸಿಗುವುದು ಗಡುವು ತಪ್ಪದವರಿಗೆ. ತಪ್ಪಿದರೆ ಬಡ್ಡಿ ಬೀಳುತ್ತದೆ. ಕಾರ್ಯದರ್ಶಿಗೆ ಸಾವಿನ ವಿಷಯ ಬರೆದುಕೊಟ್ಟು, ಅಪ್ಪನ ಷೇರು ಹಣ, ಠೇವಣಿ ಎಷ್ಟಿದೆ ಅಂತಲೂ ಕೇಳಿ. ಹಾಗೇ ಇನ್ನೊಂದು ಕೇಳಿ: ಅಪ್ಪ ಯಾರಿಗೆಲ್ಲ ಜಾಮೀನು ಹಾಕಿದ್ದರು? ಸೊಸೈಟಿಯಲ್ಲಿ ನಾನು ನಿನಗೆ, ನೀನು ನನಗೆ ಅಂತ ಸಹಿ ಹಾಕುವುದು ಮಾಮೂಲು, ಮನೆಯಲ್ಲಿ ಹೇಳಿರುವುದಿಲ್ಲ. ಆ ಹಳೇ ಸಾಲ ಬಾಕಿ ಬಿದ್ದರೆ ಅಪ್ಪನ ಆಸ್ತಿಯ ಕಡೆಗೂ ನೋಟಿಸ್ ಬರಬಹುದು. ಸಾವಿನ ಸುದ್ದಿ ಲಿಖಿತವಾಗಿ ಮುಟ್ಟಿಸಿದರೆ ಮುಂದಿನ ಹೊಸ ಸಾಲಕ್ಕಾದರೂ ಆ ಜಾಮೀನು ಎಳೆಯುವುದು ತಪ್ಪುತ್ತದೆ. ಮಾಮ್‌ಕೋಸ್‌ನಂಥ ಅಡಿಕೆ ಮಾರಾಟದ ಸಂಘದಲ್ಲಿ ಸದಸ್ಯರಾಗಿದ್ದರೆ ಅಲ್ಲಿಯೂ ಷೇರು, ಮಾರದೆ ಇಟ್ಟ ಅಡಿಕೆ, ಅದರ ಮೇಲೆ ತೆಗೆದ ಮುಂಗಡ ಇವೆಲ್ಲದರ ಲೆಕ್ಕ ತೆಗೆದುಕೊಳ್ಳಿ.

ಚಿನ್ನದ ಸಾಲದ ಬಗ್ಗೆ ಮಾತ್ರ ಉದಾಸೀನ ಮಾಡಬೇಡಿ. ನೋಟಿಸ್ ಹೋಗುವುದು ಅಪ್ಪನ ಹೆಸರಿಗೆ, ಅಪ್ಪನ ಮೊಬೈಲಿಗೆ. ಯಾರೂ ಓದದಿದ್ದರೆ ಒಡವೆ ಹರಾಜಿಗೆ ಹೋಗುತ್ತದೆ. ಅದು ಅಮ್ಮನ ಒಡವೆಯೇ ಆಗಿರುತ್ತದೆ, ಸಾಮಾನ್ಯವಾಗಿ. ಈ ವಾರವೇ ಬ್ಯಾಂಕಿಗೆ ಹೋಗಿ ತಿಳಿಸಿ, ಬಡ್ಡಿಯನ್ನಾದರೂ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ತೋಟವನ್ನು ಅಪ್ಪ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟಿದ್ದರಾ? ಚೇಣಿ ಬಾಯಿಮಾತಿನ ವ್ಯವಹಾರ. ಮುಂಗಡ ಎಷ್ಟು ಬಂದಿದೆ, ಕ್ವಿಂಟಾಲಿಗೆ ಏನು ಮಾತಾಗಿತ್ತು ಅನ್ನುವುದು ಅಪ್ಪನಿಗೆ, ಚೇಣಿದಾರರಿಗೆ ಇಬ್ಬರಿಗೇ ಗೊತ್ತು. ಚೇಣಿದಾರರನ್ನು ಮನೆಗೆ ಕರೆದು, ಅಮ್ಮನ ಎದುರಿಗೆ ಮಾತಾಡಿ, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕೊಯ್ಲು ಶುರುವಾದ ಮೇಲೆ ಈ ಮಾತು ಕಷ್ಟ. ಪಿಎಂ ಕಿಸಾನ್ ಕಂತು ಸಾವಿನ ನಂತರ ಬಂದಿದ್ದರೆ ಮುಟ್ಟಬೇಡಿ, ವಾಪಸ್ ಕೇಳುತ್ತಾರೆ. ಪೌತಿ ಖಾತೆಯಾದ ಮೇಲೆ ವಾರಸುದಾರರಾಗಿ ಹೊಸದಾಗಿ ಅರ್ಜಿ ಹಾಕಬಹುದು.

ಮನೆಯಲ್ಲಿ ಕೋವಿ ಇದೆಯಾ? ಮಂಗ, ಹಂದಿ ಕಾಟಕ್ಕೆ ಅಂತ ನಮ್ಮ ಕಡೆ ಇಟ್ಟುಕೊಂಡಿರುತ್ತಾರೆ, ಈ ಪಟ್ಟಿಯಲ್ಲಿ ಮರೆಯುವುದೂ ಅದನ್ನೇ. ಲೈಸೆನ್ಸ್ ಅಪ್ಪನ ಹೆಸರಲ್ಲಿದ್ದರೆ ಅವರು ತೀರಿಕೊಂಡ ಮೇಲೆ ನೀವು ಅದನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರ. ತಡ ಮಾಡದೆ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ತೆಗೆದುಕೊಳ್ಳಿ. ಬೇಕಿದ್ದರೆ ವಾರಸುದಾರರಾಗಿ ನಿಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಬೈಕ್, ಜೀಪು ಇದ್ದರೆ ಆರ್‌ಟಿಒಗೆ 30 ದಿನದೊಳಗೆ ತಿಳಿಸಬೇಕಿತ್ತು, ಮೂರು ತಿಂಗಳೊಳಗೆ ಹೆಸರು ಬದಲಾಯಿಸಬೇಕು, ಈಗಲಾದರೂ ಹೋಗಿ. ಆರ್‌ಸಿ, ವಿಮೆ ಎರಡೂ ಬದಲಾಗುವವರೆಗೆ ಗಾಡಿ ರಸ್ತೆಗೆ ಇಳಿಸದಿರುವುದು ಒಳ್ಳೆಯದು. ಪಂಚಾಯಿತಿಯ ಮನೆ ಖಾತೆ, ಮೆಸ್ಕಾಂ ಮೀಟರ್, ಪಂಪ್‌ಸೆಟ್‌ನ ಆರ್‌ಆರ್ ನಂಬರ್ ಇವಕ್ಕೆ ಅವಸರವಿಲ್ಲ. ವಂಶವೃಕ್ಷ ಕೈಯಲ್ಲಿದ್ದಾಗ ಒಂದೊಂದಾಗಿ ಮುಗಿಸಿ.

ಕೊನೆಗೆ ಚಿಕ್ಕಪ್ಪ ಹೇಳಿದ ಸಹಿಯ ವಿಷಯ. ಅಕ್ಕ, ತಂಗಿ ಮನಸಾರೆ ಬಿಟ್ಟುಕೊಡುತ್ತಾರೆ ಅಂದರೆ ಕಾನೂನು ಅಡ್ಡ ಬರುವುದಿಲ್ಲ. ಆದರೆ ಛಾಪಾ ಕಾಗದದ ಮೇಲೆ ಮನೆಯಲ್ಲಿ ಹಾಕಿಸಿಕೊಂಡ ಸಹಿಗೆ ಜಮೀನಿನ ಮಟ್ಟಿಗೆ ಬೆಲೆ ಇಲ್ಲ. ಹಕ್ಕು ಬಿಡುಗಡೆ ಪತ್ರವಾಗಿ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಅವರಿಗೆ ಹಣ ಕೊಡುವುದಾದರೆ ಮೊತ್ತವನ್ನು ಪತ್ರದಲ್ಲೇ ಬರೆಸಿ, ಬ್ಯಾಂಕ್ ಮೂಲಕ ಕೊಡಿ. ಜಾಗ ಹಂಚಿಕೊಳ್ಳುವುದಾದರೆ ವಿಭಾಗ ಪತ್ರ. ಸರ್ವೆ ನಂಬರ್ ಒಡೆಯಬೇಕಿದ್ದರೆ ಮೊದಲು 11ಇ ನಕ್ಷೆಗೆ (ಒಡೆಯುವ ಭಾಗದ ಸರ್ವೆ ನಕ್ಷೆ) ಅರ್ಜಿ ಹಾಕಿ, ಸರ್ವೆಯವರು ಬರಲು ಸಮಯ ಹಿಡಿಯುತ್ತದೆ. ಅಜ್ಜಿಗೆ ತೀರ್ಥಹಳ್ಳಿವರೆಗೆ ಹೋಗಲಾಗದಿದ್ದರೆ ಕಾರಣ ಬರೆದು ಕೇಳಿಕೊಂಡರೆ ಉಪನೋಂದಣಾಧಿಕಾರಿ ಮನೆಗೇ ಬಂದು ನೋಂದಣಿ ಮಾಡುವ ಅವಕಾಶ ಇದೆ. ಅಮ್ಮ ತಮ್ಮ ಪಾಲನ್ನು ಬಿಟ್ಟುಕೊಡುವುದು ಮಾತ್ರ ನನಗೆ ಇಷ್ಟವಿಲ್ಲ, ನೀವು ಕೇಳದಿದ್ದರೂ ಹೇಳುತ್ತಿದ್ದೇನೆ. ಮಗ ಎಷ್ಟೇ ಒಳ್ಳೆಯವನಾದರೂ ಅವರ ಹೆಸರಲ್ಲಿ ಒಂದಿಷ್ಟು ತೋಟ ಇರಲಿ.

ಇಷ್ಟಕ್ಕೆಲ್ಲ ವಕೀಲರು ಬೇಕಾ ಅಂದರೆ ಬೇಡ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆ, ಬ್ಯಾಂಕ್, ಎಲ್‌ಐಸಿ ಎಲ್ಲ ನೀವೇ ಓಡಾಡಿ ಮಾಡಿಕೊಳ್ಳುವ ಕೆಲಸ. ಬಿಡುಗಡೆ ಪತ್ರ ಅಥವಾ ವಿಭಾಗ ಪತ್ರ ಬರೆಸುವಾಗ, ಅಜ್ಜನ ಜಮೀನಿಗೆ ಯಾರಾದರೂ ತಕರಾರು ಹಾಕಿದಾಗ ಒಬ್ಬರನ್ನು ಹಿಡಿಯಿರಿ. ಆಗ ಫಾರಂ 10 ಮತ್ತು ಹಳೇ ಎಂಆರ್ ನಕಲನ್ನು ಜೊತೆಗೆ ಒಯ್ಯಿರಿ. ಅವಿಲ್ಲದೆ ಯಾರೂ ನಿಮಗೆ ಸರಿಯಾದ ಉತ್ತರ ಕೊಡಲಾರರು.